ರಹದಾರಿ ಇಲ್ಲದ ಕಾಲು ಶತಮಾನ: ಮಂಡಯಂ ತಿರುಮಲಾಚಾರ್ಯರ ಜೀವನಯಾತ್ರೆ

ಸಂಘದ ಸ್ಥಾಪನಾ ದಿನದ ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ ನಮಗೆ ಮೊದಲು ಹೊಳೆದದ್ದು ಎಂದಿನ ವಿಷಯಗಳೇ: ಸ್ವೀಡನ್ನಿನ ಚಳಿಗಾಲ, ಮಕ್ಕಳಿಗೆ ಕನ್ನಡ ಕಲಿಸುವ ಪಾಡು, ಊರಿನ ಮಳೆ. ಇವನ್ನು ನಮಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ಹಾಗಾಗಿ ಕಳೆದ ಯುಗಾದಿಯ ಊಟದ ದಿನ ಮನಸ್ಸಿನಲ್ಲಿ ಉಳಿದುಹೋದ ಒಂದು ಸಂಗತಿಯಿಂದ ಆರಂಭಿಸುತ್ತೇವೆ.

ಅಂದು ನಮ್ಮ ಪಂಕ್ತಿಯಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬನ ಎಲೆಯಲ್ಲಿ ಹೋಳಿಗೆ ಹಾಗೆಯೇ ಉಳಿದಿತ್ತು. ಮೆಲ್ಲಗೆ ವಿಚಾರಿಸಿದರೆ ವಿಷಯ ಹೊರಬಿತ್ತು. ಕಾಯಿಲೆಯಿಂದ ಒಂದು ಪರೀಕ್ಷೆ ತಪ್ಪಿತ್ತು. ಅದರ ಗಡಿಬಿಡಿಯಲ್ಲಿ ಪರ್ಮಿಟ್ಟಿನ ವಾಯಿದೆ ಮುಗಿಯುವ ಮುಂಚೆ ಹಾಕಬೇಕಾಗಿದ್ದ ಅರ್ಜಿ ಕೆಲವು ದಿನ ತಡವಾಗಿತ್ತು. ಈಗ ಊರಿಗೆ ಹೋದರೆ ಮರಳಿ ಬರುವ ಭರವಸೆಯಿಲ್ಲ, ಇಲ್ಲಿರೋಣವೆಂದರೆ ಇರುವ ಹಕ್ಕಿದೆಯೇ ಎಂಬುದೇ ಗೊತ್ತಿಲ್ಲ. ಹಿರಿಯರು ತಮಗೆ ತಿಳಿದ ಸಲಹೆ ಹೇಳಿದರು. ತಾಯಂದಿರು ಇನ್ನೊಂದು ಹೋಳಿಗೆ ಬಡಿಸಿದರು. ನಮಗೋ, ಅಂದು ಮನೆಗೆ ಮರಳುವಾಗ ದಾರಿಯುದ್ದಕ್ಕೂ ನೆನಪಾದವರು ನೂರು ವರ್ಷಗಳ ಹಿಂದೆ ಇದೇ ಸ್ಟಾಕ್‌ಹೋಮಿನಲ್ಲಿ ಓಡಾಡಿದ್ದ ಒಬ್ಬ ಮಂಡಯಂ ಅಯ್ಯಂಗಾರರು. ಕಲಿಯಲೆಂದು ಲಂಡನ್ನಿನ ಶಾಲೆ ಸೇರಿ, ಅರ್ಧಕ್ಕೇ ಬಿಟ್ಟು, ದೇಶದಿಂದ ದೇಶಕ್ಕೆ ಅಲೆದು, ಹುಟ್ಟಿನಿಂದ ಬಂದ ಸ್ಥಾನಮಾನವನ್ನು ಕಾಗದದ ಮೇಲೆ ಮರಳಿ ಪಡೆಯಲು ಕೂದಲು ನೆರೆಯುವವರೆಗೆ ಕಾದವರು. ಇತಿಹಾಸದ ಪುಸ್ತಕಗಳಲ್ಲಿ ಅವರು ಎಂ.ಪಿ.ಟಿ. ಆಚಾರ್ಯ. ಪೂರ್ಣ ಹೆಸರು ಮಂಡಯಂ ಪಾರ್ಥಸಾರಥಿ ತಿರುಮಲಾಚಾರ್ಯ.

ಹೆಸರಿನ ಮೊದಲ ಅಕ್ಷರವೇ ನಮ್ಮವರಿಗೆ ಗುರುತು ಹೇಳುತ್ತದೆ. ಮಂಡಯಂ ಎಂದರೆ ನಮ್ಮ ಮಂಡ್ಯವೇ. ಮೇಲುಕೋಟೆಯ ಚೆಲುವನಾರಾಯಣನನ್ನು ನಂಬಿದ ಈ ಶ್ರೀವೈಷ್ಣವ ಮನೆತನಗಳು ಮೈಸೂರು ಸೀಮೆಯಿಂದ ಮದರಾಸಿನವರೆಗೆ ಹರಡಿಕೊಂಡಿವೆ. ಆಚಾರ್ಯರ ಬಂಧುವರ್ಗದಲ್ಲಿ ಅಳಸಿಂಗ ಪೆರುಮಾಳ್ ಎಂಬುವರಿದ್ದರು; 1865ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಸ್ವಾಮಿ ವಿವೇಕಾನಂದರನ್ನು 1893ರಲ್ಲಿ ಚಿಕಾಗೋ ಸಮ್ಮೇಳನಕ್ಕೆ ಕಳುಹಿಸಲು ಮನೆಮನೆ ಸುತ್ತಿ ಹಣ ಕೂಡಿಸಿದ ಪುಣ್ಯಾತ್ಮರು ಇವರೇ. ಅಂಥ ಬಳಗದಲ್ಲಿ ತಿರುಮಲಾಚಾರ್ಯರು 1887ರಲ್ಲಿ ಮದರಾಸಿನಲ್ಲಿ ಹುಟ್ಟಿದರು. ತಂದೆ ನರಸಿಂಹ ಅಯ್ಯಂಗಾರರು ಲೋಕೋಪಯೋಗಿ ಇಲಾಖೆಯಲ್ಲಿ ಮೇಲ್ವಿಚಾರಕರಾಗಿದ್ದರು. ಮನೆಯಲ್ಲಿ ಮಡಿಯೂ ಇತ್ತು, ದೇಶಾಭಿಮಾನದ ಬಿಸಿಯೂ ಇತ್ತು.

1906ರಲ್ಲಿ ಈ ಬಳಗದ ಯುವಕರು ಇಂಡಿಯಾ ಎಂಬ ತಮಿಳು ವಾರಪತ್ರಿಕೆಯನ್ನು ಆರಂಭಿಸಿದರು. ಅದರಲ್ಲಿ ಬರೆಯುತ್ತಿದ್ದವರು ಕವಿ ಸುಬ್ರಹ್ಮಣ್ಯ ಭಾರತಿ. ಬರಹ ಖಾರವಾಗಿತ್ತು, ಸರ್ಕಾರ ಸುಮ್ಮನಿರಲಿಲ್ಲ. 1908ರಲ್ಲಿ ಪತ್ರಿಕೆಯ ಪ್ರಕಾಶಕರೆಂದು ಹೆಸರು ಕೊಟ್ಟಿದ್ದವರು ಜೈಲು ಸೇರಿದರು. ಅಚ್ಚಿನ ಮೊಳೆ, ಯಂತ್ರಗಳ ಸಮೇತ ಪತ್ರಿಕೆ ಫ್ರೆಂಚರ ಪಾಂಡಿಚೇರಿಗೆ ಓಡಿತು. ಆಚಾರ್ಯರೂ ಜೊತೆಗೆ ಹೋದರು. ಆದರೆ ಅಲ್ಲಿಂದಲೂ ಹಿಡಿದು ಒಪ್ಪಿಸಿಬಿಡುತ್ತಾರೆಂಬ ಸುದ್ದಿ ಹಬ್ಬಿದ್ದರಿಂದ ಆ ವರ್ಷದ ಕೊನೆಯಲ್ಲಿ ಕೊಲಂಬೋಗೆ ಹೋಗಿ, ಅಲ್ಲಿ ಹಡಗು ಹತ್ತಿ, ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿಳಿದರು. ವಯಸ್ಸು ಇಪ್ಪತ್ತೊಂದು. ಕೈಯಲ್ಲಿ ಹೆಚ್ಚು ಹಣವಿಲ್ಲ, ಪರಿಚಯದವರಿಲ್ಲ.

ಇಲ್ಲಿ ಇಂದಿನ ಓದುಗರಿಗೆ ಒಂದು ಮಾತು ಹೇಳಲೇಬೇಕು. ಆಗ ಪಾಸ್‌ಪೋರ್ಟ್, ವೀಸಾ ಎಂಬ ರಗಳೆ ಯುರೋಪಿನ ಬಹುಭಾಗದಲ್ಲಿ ಇರಲಿಲ್ಲ. ಟಿಕೆಟ್ಟಿಗೆ ದುಡ್ಡಿದ್ದವನು ಹಡಗು ಹತ್ತುತ್ತಿದ್ದ, ರೈಲು ಹತ್ತುತ್ತಿದ್ದ. ಮದರಾಸಿನಲ್ಲಿ ಹುಟ್ಟಿದವನು ಬ್ರಿಟಿಷ್ ದೊರೆಯ ಪ್ರಜೆ. ಲಂಡನ್ನಿಗೆ ಹೋಗಲು, ಅಲ್ಲಿ ಓದಲು ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಅಜ್ಜಿಕತೆ ಎಂದುಕೊಳ್ಳುತ್ತಾರೆ.

ಪ್ಯಾರಿಸ್ಸಿನಲ್ಲಿ ಕೆಲವು ಕಾಲ ಇದ್ದು ಆಚಾರ್ಯರು ಲಂಡನ್ನಿಗೆ ಬಂದರು. ಶ್ಯಾಮಜಿ ಕೃಷ್ಣವರ್ಮರು 1905ರಲ್ಲಿ ಹೈಗೇಟ್ ಬಡಾವಣೆಯಲ್ಲಿ ತೆರೆದಿದ್ದ ಇಂಡಿಯಾ ಹೌಸ್ ಎಂಬ ವಿದ್ಯಾರ್ಥಿನಿಲಯ ಅವರಿಗೆ ಆಸರೆಯಾಯಿತು. ಅಲ್ಲಿ ವಿನಾಯಕ ದಾಮೋದರ ಸಾವರ್ಕರ್ ಇದ್ದರು, ವಿ.ವಿ.ಎಸ್. ಅಯ್ಯರ್ ಇದ್ದರು. ಬಹುಪಾಲು ಹುಡುಗರು ಬ್ಯಾರಿಸ್ಟರಿಕೆ ಓದುತ್ತಿದ್ದರೆ ಆಚಾರ್ಯರು ಆರಿಸಿಕೊಂಡದ್ದು ಕೈಕಸಬನ್ನು. ಲಂಡನ್ ಕೌಂಟಿ ಕೌನ್ಸಿಲ್ಲಿನ ಶಾಲೆಯಲ್ಲಿ ಫೋಟೋ ಎನ್‌ಗ್ರೇವಿಂಗ್, ಅಂದರೆ ಚಿತ್ರಗಳನ್ನು ಅಚ್ಚಿಗಾಗಿ ಲೋಹದ ಫಲಕದ ಮೇಲೆ ಇಳಿಸುವ ವಿದ್ಯೆ ಕಲಿಯತೊಡಗಿದರು. ಪತ್ರಿಕೆ ನಡೆಸಿದವರಿಗೆ ತಕ್ಕ ವಿದ್ಯೆ. ಅದನ್ನು ಪೂರೈಸಿ ಊರಿಗೆ ಮರಳಿದ್ದರೆ ಮದರಾಸಿನಲ್ಲೊಂದು ಒಳ್ಳೆಯ ಮುದ್ರಣಾಲಯ ಇಟ್ಟುಕೊಂಡು ಮರ್ಯಾದೆಯಿಂದ ಬಾಳಬಹುದಾಗಿತ್ತು.

ಹಾಗಾಗಲಿಲ್ಲ. 1909ರ ಜುಲೈ 1ರಂದು ಮದನಲಾಲ್ ಧಿಂಗ್ರಾ ಎಂಬ ವಿದ್ಯಾರ್ಥಿ ಕರ್ಜನ್ ವೈಲಿ ಎಂಬ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ನಾಲ್ಕು ದಿನಗಳ ಮೇಲೆ ಕ್ಯಾಕ್ಸ್ಟನ್ ಹಾಲಿನಲ್ಲಿ ಸೇರಿದ ಖಂಡನಾ ಸಭೆಯಲ್ಲಿ ಸಾವರ್ಕರರು ಒಬ್ಬರೇ ವಿರೋಧ ಸೂಚಿಸಿದರು. ಪಾಮರ್ ಎಂಬುವನೊಬ್ಬ ಅವರ ಮುಖಕ್ಕೆ ಗುದ್ದಿದ. ಪಕ್ಕದಲ್ಲಿದ್ದ ನಮ್ಮ ಆಚಾರ್ಯರು ಕೈಯಲ್ಲಿದ್ದ ಕೋಲನ್ನು ಆ ಪಾಮರನ ತಲೆಗೆ ಬೀಸಿದರು. ಕನ್ನಡ ಬಲ್ಲವರಿಗೆ ಆ ಹೆಸರು ಕೇಳಿ ನಗು ಬಂದರೆ ತಪ್ಪಲ್ಲ. ಆದರೆ ಆ ಬೇಸಿಗೆಯಿಂದ ಲಂಡನ್ನಿನ ಭಾರತೀಯ ವಿದ್ಯಾರ್ಥಿಗಳ ಪಾಲಿಗೆ ನಗುವ ಕಾಲ ಮುಗಿಯಿತು. ಪೊಲೀಸರ ಕಾವಲು ಬಿಗಿಯಾಯಿತು. ಸಾವರ್ಕರರಿಗೆ ಪರೀಕ್ಷೆ ಮುಗಿದಿದ್ದರೂ ಗ್ರೇಸ್ ಇನ್ ಬ್ಯಾರಿಸ್ಟರ್ ಸನ್ನದು ಕೊಡಲಿಲ್ಲ. ಸರೋಜಿನಿ ನಾಯ್ಡು ಅವರ ತಮ್ಮ ವೀರೇಂದ್ರನಾಥ ಚಟ್ಟೋಪಾಧ್ಯಾಯರನ್ನು ಮಿಡ್ಲ್ ಟೆಂಪಲ್ ಹೊರಹಾಕಿತು. ಇಂಡಿಯಾ ಆಫೀಸು ಅದೇ ವರ್ಷ ಭಾರತೀಯ ವಿದ್ಯಾರ್ಥಿಗಳಿಗೆಂದು ಒಬ್ಬ ಸಲಹೆಗಾರರನ್ನೂ ಒಂದು ಮಾಹಿತಿ ಕಚೇರಿಯನ್ನೂ ನೇಮಿಸಿತು. ಸಲಹೆ ಕೊಡುವ ಕಚೇರಿ ಎಲ್ಲಿ ಮುಗಿಯುತ್ತದೆ, ಮೇಲೆ ಕಣ್ಣಿಡುವ ಕಚೇರಿ ಎಲ್ಲಿ ಶುರುವಾಗುತ್ತದೆ ಎಂದು ಆಗಿನ ಹುಡುಗರಿಗೆ ತಿಳಿಯುತ್ತಿರಲಿಲ್ಲ.

ಆಗಸ್ಟಿನಲ್ಲಿ ಆಚಾರ್ಯರು ಶಾಲೆ ಬಿಟ್ಟು, ಸುಖಸಾಗರ ದತ್ತ ಎಂಬ ಗೆಳೆಯನೊಡನೆ ಮೊರಾಕ್ಕೋಗೆ ಹೊರಟರು. ಅಲ್ಲಿ ಸ್ಪೇನಿನ ಸೈನ್ಯದ ವಿರುದ್ಧ ರಿಫ್ ಬುಡಕಟ್ಟಿನವರು ಕಾದಾಡುತ್ತಿದ್ದರು. ಅವರ ಜೊತೆ ಸೇರಿ ಯುದ್ಧವಿದ್ಯೆ ಕಲಿಯುವುದು ಇವರ ಎಣಿಕೆ. ರಿಫ್ ಜನರ ಬಳಿಗೆ ತಲುಪಲೂ ಆಗಲಿಲ್ಲ. ದತ್ತ ಲಂಡನ್ನಿಗೆ ಹಿಂತಿರುಗಿದ. ಆಚಾರ್ಯರು ಲಿಸ್ಬನ್ನಿಗೆ ಹೋಗಿ, ಅಲ್ಲಿಂದ ಪ್ಯಾರಿಸ್ಸಿನ ಮೇಡಂ ಕಾಮಾ ಅವರ ಬಳಗ ಸೇರಿದರು. ಇದನ್ನು ಸಾಹಸವೆನ್ನಬೇಕೋ ಹುಡುಗುತನವೆನ್ನಬೇಕೋ ಎಂದು ನಮ್ಮಲ್ಲೇ ಒಮ್ಮತವಿಲ್ಲ. ವಿದ್ಯಾರ್ಥಿ ತಿರುಮಲಾಚಾರ್ಯರ ಕತೆಯಂತೂ ಅಲ್ಲಿಗೆ ಮುಗಿಯಿತು.

ಮುಂದಿನ ಕೆಲವು ವರ್ಷಗಳನ್ನು ಬೇಗ ಹೇಳಿಬಿಡುತ್ತೇವೆ. ಬರ್ಲಿನ್, ಕಾನ್‌ಸ್ಟಾಂಟಿನೋಪಲ್, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದ ಗದರ್ ಪಕ್ಷ. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಬ್ರಿಟಿಷರ ಶತ್ರು ನಮ್ಮ ಮಿತ್ರನೆಂಬ ಲೆಕ್ಕದಲ್ಲಿ ಚಟ್ಟೋಪಾಧ್ಯಾಯ ಮೊದಲಾದವರು ಬರ್ಲಿನ್ನಿನಲ್ಲಿ ಭಾರತೀಯರ ಒಂದು ಸಮಿತಿ ಕಟ್ಟಿದ್ದರು. ಖರ್ಚು ಜರ್ಮನ್ ವಿದೇಶಾಂಗ ಇಲಾಖೆಯದು. ಆಚಾರ್ಯರೂ ಅದನ್ನು ಸೇರಿದರು. ಬ್ರಿಟಿಷ್ ಪಾಳೆಯದ ಭಾರತೀಯ ಸಿಪಾಯಿಗಳ ಮನವೊಲಿಸಲು ತುರ್ಕಿಯ ಕಡೆಯಿಂದ ಸೂಯೆಜ್ ಪ್ರಾಂತಕ್ಕೂ ಹೋಗಿಬಂದರು. ಫಲವೇನೂ ಕೈಗೆ ಹತ್ತಲಿಲ್ಲ. ಹತ್ತಿದ್ದೆಂದರೆ ಬ್ರಿಟಿಷ್ ಗುಪ್ತಚರರ ಕಡತದಲ್ಲಿ ಅವರ ಹೆಸರಿನ ಮುಂದೆ ದಪ್ಪನಾದ ಒಂದು ಗುರುತು. ಅಷ್ಟರಲ್ಲಿ ಪ್ರಪಂಚವೂ ಬದಲಾಗಿತ್ತು. ಯುದ್ಧದ ನೆಪದಲ್ಲಿ ದೇಶದೇಶಗಳೂ ಗಡಿಗೆ ಬೇಲಿ ಹಾಕಿ, ರಹದಾರಿ ಕೇಳತೊಡಗಿದ್ದವು. ತಟಸ್ಥವಾಗಿದ್ದ ಸ್ವೀಡನ್ ಕೂಡ 1917ರಲ್ಲಿ ಹೊರಗಿನಿಂದ ಬರುವವರಿಗೆ ಪಾಸ್‌ಪೋರ್ಟ್, ವೀಸಾಗಳನ್ನು ಕಡ್ಡಾಯ ಮಾಡಿತು. ಇಂದು ನಮ್ಮನ್ನು ಕಾಡುವ ಪರ್ಮಿಟ್ಟಿನ ಮೂಲಪುರುಷ ಹುಟ್ಟಿದ್ದು ಆಗ ಎನ್ನಬಹುದು.

ಆ 1917ರ ಮೇ ತಿಂಗಳಲ್ಲೇ ಚಟ್ಟೋಪಾಧ್ಯಾಯರೂ ಆಚಾರ್ಯರೂ ಸ್ಟಾಕ್‌ಹೋಮಿಗೆ ಬಂದಿಳಿದರು. ಚಟ್ಟೋಪಾಧ್ಯಾಯರ ಹೆಸರು ನಮ್ಮ ಮಂಗಳೂರಿನವರಿಗೆ ಇನ್ನೊಂದು ದಾರಿಯಿಂದ ಪರಿಚಿತ: ಮಂಗಳೂರಿನ ಮಗಳು ಕಮಲಾದೇವಿ ಮುಂದೆ ಕೈಹಿಡಿದದ್ದು ಇವರ ತಮ್ಮ ಹರೀಂದ್ರನಾಥರನ್ನು. ಇಬ್ಬರೂ ಇಲ್ಲಿಗೆ ಬಂದದ್ದಕ್ಕೆ ಕಾರಣವಿತ್ತು. ಯುದ್ಧ ನಿಲ್ಲಿಸಲು ಎಲ್ಲ ದೇಶಗಳ ಸಮಾಜವಾದಿಗಳ ಶಾಂತಿ ಸಮ್ಮೇಳನವೊಂದನ್ನು ಈ ಊರಿನಲ್ಲಿ ಕೂಡಿಸಲು ಡಚ್ ಮತ್ತು ಸ್ಕ್ಯಾಂಡಿನೇವಿಯನ್ ಮುಖಂಡರ ಸಮಿತಿ ಓಡಾಡುತ್ತಿತ್ತು. ಹಾಲೆಂಡಿನ ಟ್ರೂಲ್‌ಸ್ಟ್ರಾ, ಬೆಲ್ಜಿಯಮ್ಮಿನ ಹ್ಯೂಸ್‌ಮನ್ಸ್, ಮುಂದೆ ಸ್ವೀಡನ್ನಿನ ಪ್ರಧಾನಿಯಾದ ಯಾಲ್ಮಾರ್ ಬ್ರಾಂಟಿಂಗ್ ಅದರಲ್ಲಿದ್ದರು. ಆ ಸಭೆಯಲ್ಲಿ ಭಾರತದ ಸ್ವಾತಂತ್ರ್ಯದ ಮಾತನ್ನೂ ಎತ್ತಿಸಬೇಕೆಂಬುದು ಇವರ ಆಸೆ.

ಆಗಿನ ಸ್ಟಾಕ್‌ಹೋಮನ್ನು ಇಂದಿನ ಶ್ರೀಮಂತ ನಗರವೆಂದು ಊಹಿಸಿಕೊಳ್ಳಬಾರದು. ಜನವರಿಯಿಂದ ಬ್ರೆಡ್ಡಿಗೆ ರೇಷನ್ ಬಂದಿತ್ತು. ಆಲೂಗೆಡ್ಡೆಗೂ ಸಾಲು ನಿಲ್ಲಬೇಕಾಗಿತ್ತು. ಏಪ್ರಿಲ್ಲಿನಲ್ಲಿ ಲೆನಿನ್ ಇದೇ ಊರಿನ ಮೂಲಕ ರಷ್ಯಾಕ್ಕೆ ಹಾದುಹೋಗಿದ್ದ. ಜೂನ್ 5ರಂದು ಗುಸ್ತಾವ್ ಅಡಾಲ್ಫ್ ಚೌಕದಲ್ಲಿ, ಈಗ ನಾವು ಊರಿನಿಂದ ಬಂದ ನೆಂಟರನ್ನು ಒಪೇರಾ ಕಟ್ಟಡ ತೋರಿಸಲು ಕರೆದೊಯ್ಯುವ ಜಾಗದಲ್ಲಿ, ಹಸಿದ ಜನರ ಮೇಲೆ ಕುದುರೆ ಪೊಲೀಸರು ನುಗ್ಗಿದರು. ಇಂಥ ಊರಿನಲ್ಲಿ, ರಾತ್ರಿಯೂ ಕತ್ತಲಾಗದ ಆ ಬೇಸಿಗೆಯಲ್ಲಿ, ಇಬ್ಬರು ಭಾರತೀಯರು ಒಂದು ಕಚೇರಿ ತೆರೆದು, ಸ್ವೀಡಿಷ್ ಪತ್ರಿಕೆಗಳಿಗೆ ಭಾರತದ ಸುದ್ದಿ ಒದಗಿಸುತ್ತ, ಮುಖಂಡರ ಬಾಗಿಲು ತಟ್ಟುತ್ತ ತಿರುಗಿದರು. ಜುಲೈನಲ್ಲಿ ಸಮಿತಿಯವರು ಇವರ ಅಹವಾಲನ್ನು ಕೇಳಿಸಿಕೊಂಡರು. ಆದರೆ ಗಂಭೀರವಾಗಿ ಪರಿಗಣಿಸಲಿಲ್ಲ. ಜರ್ಮನಿಯ ದುಡ್ಡಿನಲ್ಲಿ ಬಂದವರೆಂಬ ಅನುಮಾನ ಅವರಿಗಿತ್ತು; ಅನುಮಾನ ಸುಳ್ಳೂ ಆಗಿರಲಿಲ್ಲ. ಅಭಿಮಾನದಿಂದ ಬರೆಯುತ್ತಿದ್ದರೂ ಈ ಮಾತನ್ನು ನಾವು ಮುಚ್ಚಿಡಬಾರದು. ಪರರ ಹಣದಲ್ಲಿ ನಡೆಸುವ ಸ್ವಾತಂತ್ರ್ಯ ಹೋರಾಟದ ಈ ಮುಜುಗರ ಮುಂದೆ ಆಚಾರ್ಯರನ್ನೂ ಕಾಡಿತೆಂದು ಅವರ ನಂತರದ ದಾರಿಯಿಂದ ತಿಳಿಯುತ್ತದೆ. ಅದೇ ವರ್ಷದ ಕೊನೆಗೆ ಅವರಿಬ್ಬರು, ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನಗಳು ಭಾರತದ ಬಗ್ಗೆ ಕೈಗೊಂಡ ನಿರ್ಣಯಗಳನ್ನೆಲ್ಲ ಒಟ್ಟುಗೂಡಿಸಿ ಇಲ್ಲಿಂದಲೇ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ನೀವೇ ಒಪ್ಪಿ ಸಹಿ ಹಾಕಿದ ಮಾತುಗಳು ಇವು ಎಂದು ನೆನಪಿಸುವ ಜಾಣತನ ಅದರಲ್ಲಿತ್ತು.

ಸಮ್ಮೇಳನ ಮಾತ್ರ ನಡೆಯಲೇ ಇಲ್ಲ. ಏಕೆಂದು ಕೇಳಿದರೆ ಉತ್ತರ ಮತ್ತೆ ಅದೇ ಕಾಗದ. ಬ್ರಿಟನ್, ಫ್ರಾನ್ಸ್, ಅಮೆರಿಕ ಸರ್ಕಾರಗಳು ತಮ್ಮ ಪ್ರತಿನಿಧಿಗಳಿಗೆ ಸ್ಟಾಕ್‌ಹೋಮಿಗೆ ಹೋಗಲು ಪಾಸ್‌ಪೋರ್ಟನ್ನೇ ಕೊಡಲಿಲ್ಲ. ಈ ಗದ್ದಲದಲ್ಲಿ ಬ್ರಿಟನ್ನಿನ ಮಂತ್ರಿ ಆರ್ಥರ್ ಹೆಂಡರ್ಸನ್ ಆಗಸ್ಟಿನಲ್ಲಿ ರಾಜೀನಾಮೆ ಇತ್ತರು. ಅದಕ್ಕೆ ಮುಂಚೆ ಜೂನಿನಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡರಿಗೆ ಸರ್ಕಾರವೇನೋ ಅಪ್ಪಣೆ ಕೊಟ್ಟಿತ್ತು. ಆಗ ಹಡಗಿನ ನಾವಿಕರ ಸಂಘದವರು ಇಂಥವರನ್ನು ಒಯ್ಯುವುದಿಲ್ಲವೆಂದು ಹಟ ಹಿಡಿದು ಬಂದರಿನಲ್ಲೇ ತಡೆದುಬಿಟ್ಟರು. ಮ್ಯಾಕ್‌ಡೊನಾಲ್ಡರ ಹೆಸರನ್ನು ಓದುಗರು ನೆನಪಿನಲ್ಲಿಟ್ಟಿರಬೇಕು.

1918ರ ನವೆಂಬರಿನಲ್ಲಿ ಜರ್ಮನಿ ಸೋತಿತು, ಹಣದ ಒರತೆ ಬತ್ತಿತು. ಚಟ್ಟೋಪಾಧ್ಯಾಯರು ಸ್ವೀಡಿಷ್ ಕಲಿತು ಇನ್ನೂ ಕೆಲವು ವರ್ಷ ಇಲ್ಲಿಯೇ ಉಳಿದರು. 1921ರಲ್ಲಿ ಅವರು ಹೊರಗೆ ಹೋದಾಗ ಸ್ವೀಡನ್ನಿನ ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು. ಅವರ ಅಂತ್ಯ ದಾರುಣ. ತಾಯ್ನಾಡಿಗೆ ಮರಳುವ ದಾರಿ ಕಾಣದೆ ಸೋವಿಯತ್ ರಷ್ಯಾ ಸೇರಿ, ಲೆನಿನ್‌ಗ್ರಾಡಿನ ಜನಾಂಗಶಾಸ್ತ್ರ ಸಂಸ್ಥೆಯಲ್ಲಿ ವಿದ್ವಾಂಸರಾಗಿದ್ದವರನ್ನು ಸ್ಟಾಲಿನ್ನನ ಪೊಲೀಸರು 1937ರಲ್ಲಿ ಹಿಡಿದು, ಸೆಪ್ಟೆಂಬರ್ 2ರಂದು ಗುಂಡಿಟ್ಟರು.

ಆಚಾರ್ಯರೂ 1919ರಲ್ಲಿ ರಷ್ಯಾಕ್ಕೇ ಹೋದರು. ರಾಜಾ ಮಹೇಂದ್ರ ಪ್ರತಾಪ, ಬರ್ಕತುಲ್ಲಾ ಮೊದಲಾದವರೊಡನೆ ಲೆನಿನ್‌ನನ್ನು ಕಂಡರು, ಕಾಬೂಲಿಗೆ ಹೋದರು, ಅಲ್ಲಿಂದ ತಾಷ್ಕೆಂಟಿಗೆ ಬಂದರು. 1920ರ ಅಕ್ಟೋಬರ್ 17ರಂದು ತಾಷ್ಕೆಂಟಿನಲ್ಲಿ ಏಳೇ ಜನ ಸೇರಿ ಭಾರತೀಯ ಕಮ್ಯೂನಿಸ್ಟ್ ಪಕ್ಷ ಸ್ಥಾಪಿಸಿದಾಗ ಅಧ್ಯಕ್ಷ ಪೀಠದಲ್ಲಿದ್ದವರು ಈ ಮಂಡಯಂ ಅಯ್ಯಂಗಾರರು. ಎಂ.ಎನ್. ರಾಯರೊಡನೆ ಜಗಳವಾಗಿ ಕೆಲವೇ ತಿಂಗಳಲ್ಲಿ ಆ ಪೀಠವೂ ಹೋಯಿತು. ಮಾಸ್ಕೋಗೆ ಬಂದ ಆಚಾರ್ಯರಿಗೆ ಅಲ್ಲಿ ದೊರೆತದ್ದು ಪಕ್ಷಕ್ಕಿಂತ ಬಾಳಿಕೆಯ ಬಂಧ. ಮಾಗ್ದಾ ನಾಖ್‌ಮನ್ ಎಂಬ ಚಿತ್ರಕಾರ್ತಿಯನ್ನು ಅವರು ಮದುವೆಯಾದರು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1889ರಲ್ಲಿ ಹುಟ್ಟಿದಾಕೆ, ಲಿಯೋನ್ ಬಾಕ್ಸ್ಟ್ ಎಂಬ ಹೆಸರಾಂತ ಕಲಾವಿದರ ಶಿಷ್ಯೆ, ಕವಯಿತ್ರಿ ಮರೀನಾ ತ್ಸ್ವೆತಾಯೆವಾಳ ಭಾವಚಿತ್ರ ಬರೆದವರು. ತಂದೆ ಯೆಹೂದಿ. ದಂಪತಿಗಳು 1922ರಲ್ಲಿ ಬರ್ಲಿನ್ ಸೇರಿದರು.

ನಿಜವಾದ ಹೋರಾಟ ಶುರುವಾದದ್ದು ಇಲ್ಲಿ. ಬಾಂಬಿಲ್ಲ, ಸಭೆಯಿಲ್ಲ, ಅರ್ಜಿ, ಉತ್ತರ, ಮತ್ತೆ ಅರ್ಜಿ. ಬರ್ಲಿನ್ನಿನ ಭಾರತೀಯ ಕ್ರಾಂತಿಕಾರಿಗಳನ್ನು ಹೊರಗಟ್ಟಬೇಕೆಂದು ಬ್ರಿಟಿಷರು ಜರ್ಮನ್ ಸರ್ಕಾರದ ಮೇಲೆ ಒತ್ತಡ ತರುತ್ತಿದ್ದರು. ಹೊರಗಟ್ಟಿದರೆ ಹೋಗುವುದಾದರೂ ಎಲ್ಲಿಗೆ? ರಷ್ಯಾಕ್ಕೆ ಮರಳುವಂತಿಲ್ಲ. ಭಾರತಕ್ಕೆ ಹೋಗಲು ಕಾಗದವಿಲ್ಲ, ಹೋದರೂ ಬಂದರಿನಲ್ಲೇ ಬೇಡಿ ಬೀಳುವ ಭಯ. 1920ರ ದಶಕದ ನಡುವಿನಿಂದಲೇ ಆಚಾರ್ಯರು ಬ್ರಿಟಿಷ್ ಪಾಸ್‌ಪೋರ್ಟಿಗಾಗಿ ಪ್ರಯತ್ನ ಆರಂಭಿಸಿದರು.

ಅವರ ಸ್ಥಿತಿಯ ವಿಚಿತ್ರ ಏನೆಂದರೆ, ಕಾನೂನಿನ ಪ್ರಕಾರ ಅವರು ಏನನ್ನೂ ಕಳೆದುಕೊಂಡಿರಲಿಲ್ಲ. 1914ರ ಬ್ರಿಟಿಷ್ ರಾಷ್ಟ್ರೀಯತೆಯ ಕಾಯಿದೆಯಂತೆ ದೊರೆಯ ಆಳ್ವಿಕೆಯ ನೆಲದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಮದರಾಸಿನಲ್ಲಿ ಹುಟ್ಟಿದವನಿಗೂ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದವನಿಗೂ ಅದರಲ್ಲಿ ಭೇದವಿಲ್ಲ. ಆದರೆ ಪ್ರಜೆಯಾಗಿರುವುದು ಒಂದು, ಪಾಸ್‌ಪೋರ್ಟ್ ಸಿಗುವುದು ಇನ್ನೊಂದು. ಪಾಸ್‌ಪೋರ್ಟ್ ಹಕ್ಕಲ್ಲ, ದೊರೆಯ ಕೃಪೆ. ಕೊಡದಿದ್ದರೆ ಮೇಲ್ಮನವಿ ಎಂಬುದೇ ಇಲ್ಲ. ಭಾರತದಲ್ಲಿಯೂ 1920ರಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂದು, ಕಾಗದವಿಲ್ಲದೆ ಬಂದವರನ್ನು ಹಿಡಿಯುವ ಅಧಿಕಾರ ಸರ್ಕಾರಕ್ಕೆ ದೊರೆತಿತ್ತು. ಹೀಗೆ ಮನುಷ್ಯ ಪ್ರಜೆಯಾಗಿ ಉಳಿದೂ ಎಲ್ಲಿಯೂ ಕಾಲಿಡಲಾಗದವನಾದ. ಇನ್ನೊಂದು ವಿಪರ್ಯಾಸವಿದೆ. ರಷ್ಯಾದಿಂದ ಓಡಿಬಂದು ಯಾವ ದೇಶಕ್ಕೂ ಸೇರದವರಾದ ನಿರಾಶ್ರಿತರಿಗೆ ನಮ್ಮ ನೆರೆಯ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ನರು 1922ರಲ್ಲಿ ಒಂದು ವಿಶೇಷ ಪತ್ರ ಕೊಡಿಸುವ ಏರ್ಪಾಡು ಮಾಡಿದರು. ಅದು ನಾನ್ಸೆನ್ ಪಾಸ್‌ಪೋರ್ಟ್ ಎಂದೇ ಪ್ರಸಿದ್ಧವಾಯಿತು. ದೇಶವಿಲ್ಲದ ರಷ್ಯನ್ನರಿಗೆ ಕಾಗದ ಸಿಕ್ಕಿತು. ಹೆಸರಿಗೆ ದೇಶವಿದ್ದ ಆಚಾರ್ಯರಿಗೆ ಅದೂ ಇಲ್ಲ. ಆ ಕಾಲದ ಬ್ರಿಟಿಷ್ ಕಾನೂನಿನಲ್ಲಿ ಗಂಡನ ರಾಷ್ಟ್ರೀಯತೆಯೇ ಹೆಂಡತಿಯದು; ಆದ್ದರಿಂದ ಗಂಡನ ಕಡತದಲ್ಲಿ ಹೆಂಡತಿಯ ಬದುಕೂ ಸಿಕ್ಕಿಕೊಂಡಿತು.

ಹೊಟ್ಟೆಪಾಡಿಗೆ ಆಚಾರ್ಯರು ಪತ್ರಿಕೆಗಳಿಗೆ ಬರೆಯುತ್ತಿದ್ದರು. ಮಾಗ್ದಾ ಭಾವಚಿತ್ರ ಬರೆಯುತ್ತಿದ್ದರು. ಬಡತನ ಕಡಿಮೆಯಾಗಲಿಲ್ಲ. ವಿಚಾರದಲ್ಲಿ ಮಾತ್ರ ಆಚಾರ್ಯರು ಬಹುದೂರ ನಡೆದುಬಿಟ್ಟಿದ್ದರು. ರಷ್ಯಾದ ಅನುಭವದ ಮೇಲೆ ಅವರಿಗೆ ಎಲ್ಲ ಬಗೆಯ ಸರ್ಕಾರಗಳಲ್ಲೂ ನಂಬಿಕೆ ಹಾರಿ, ಪ್ರಭುತ್ವವೇ ಬೇಡವೆನ್ನುವ ಅರಾಜಕವಾದಿಗಳ ಸಂಗ ಹಿಡಿದಿದ್ದರು. 1922ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸ್ಥಾಪನೆಯಾದ ಅವರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಕ್ಕೆ ಸ್ವೀಡನ್ನಿನ ಎಸ್.ಎ.ಸಿ. ಎಂಬ ಕಾರ್ಮಿಕ ಸಂಘಟನೆಯೂ ಸೇರಿತ್ತು. ಹಾಗೆ ಈ ದೇಶದ ಹಳೆಯ ನಂಟು ಇನ್ನೊಂದು ರೂಪದಲ್ಲಿ ಮುಂದುವರಿಯಿತು. ಸರ್ಕಾರವೇ ಇರಬಾರದು ಎನ್ನುವವರು ಸರ್ಕಾರದ ಮುದ್ರೆಯ ಕಾಗದಕ್ಕಾಗಿ ವರ್ಷಗಟ್ಟಲೆ ಕಚೇರಿ ಬಾಗಿಲು ಕಾದರು ಎಂದು ಯಾರಾದರೂ ನಕ್ಕರೆ, ನಗುವವರ ಜೇಬಿನಲ್ಲಿ ಪಾಸ್‌ಪೋರ್ಟ್ ಭದ್ರವಾಗಿದೆ ಎಂದೇ ಅರ್ಥ. ಅವರ ವಿಚಾರಗಳೆಲ್ಲ ನಮಗೆ ಒಪ್ಪಿಗೆಯೆಂದು ಹೇಳುತ್ತಿಲ್ಲ. ಅದರೆ ಆ ಕಾಗದದ ಹಸಿವು ನಮಗೆ ಅರ್ಥವಾಗುತ್ತದೆ.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಕಪ್ಪು ಮೈಬಣ್ಣದ ಅರಾಜಕವಾದಿ ಗಂಡ, ಯೆಹೂದಿ ತಂದೆಯ ಮಗಳಾದ ಹೆಂಡತಿ: ಬರ್ಲಿನ್ನಿನಲ್ಲಿ ಇದಕ್ಕಿಂತ ಅಪಾಯದ ಸಂಸಾರ ಇರಲಾರದು. ಆ ವರ್ಷವೂ ಮಾಗ್ದಾ ಕುಂಚ ಬಿಡಲಿಲ್ಲ; ಆಗ ಬರ್ಲಿನ್ನಿನಲ್ಲಿ ನೆಲೆಸಿದ್ದ ರಷ್ಯನ್ ಲೇಖಕ ವ್ಲಾದಿಮೀರ್ ನಬೊಕೊವ್‌ರ ಭಾವಚಿತ್ರ ಬರೆದರು. ಕೊನೆಗೂ 1934ರಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಕೈಗೆ ಬಂತು. ಆಗ ಬ್ರಿಟನ್ನಿನ ಪ್ರಧಾನಿ ಯಾರಿದ್ದರು ಬಲ್ಲಿರಾ? 1917ರಲ್ಲಿ ಸ್ಟಾಕ್‌ಹೋಮಿಗೆ ಹೊರಟು ಹಡಗು ಹತ್ತಲಾಗದೆ ಹಿಂತಿರುಗಿದ್ದ ಅದೇ ರಾಮ್ಸೆ ಮ್ಯಾಕ್‌ಡೊನಾಲ್ಡ್. ಇದಕ್ಕೂ ಅದಕ್ಕೂ ಸಂಬಂಧವಿದೆ ಎಂದು ನಾವು ಹೇಳುತ್ತಿಲ್ಲ, ಕಾಲದ ಆಟವನ್ನು ನೋಡಿ ಸುಮ್ಮನೆ ತಲೆದೂಗುತ್ತೇವೆ ಅಷ್ಟೆ.

ದಂಪತಿಗಳು ಸ್ವಿಟ್ಜರ್‌ಲೆಂಡಿಗೆ ಪಾರಾದರು. 1935ರಲ್ಲಿ ಆಚಾರ್ಯರು ಒಬ್ಬರೇ ಹಡಗು ಹತ್ತಿ ಮುಂಬಯಿ ತಲುಪಿದರು. ಇಪ್ಪತ್ತೊಂದರ ಹರೆಯದಲ್ಲಿ ಹೊರಟವರಿಗೆ ಆಗ ನಲವತ್ತೆಂಟು. ಮರುವರ್ಷ ಮಾಗ್ದಾ ಬಂದು ಕೂಡಿಕೊಂಡರು. ತವರು ಮದರಾಸಾದರೂ ಸಂಸಾರ ಹೂಡಿದ್ದು ಮುಂಬಯಿಯ ವಾಲ್ಕೇಶ್ವರದ ಕಡೆ. ಊರಿಗೆ ಮರಳಿದವರ ಪಾಡು ನಮ್ಮಲ್ಲಿ ಮರಳಿ ಹೋಗಿ ನೋಡಿದವರಿಗೆ ಗೊತ್ತು: ಇಪ್ಪತ್ತೇಳು ವರ್ಷದಲ್ಲಿ ಊರೂ ಬೇರೆಯಾಗಿರುತ್ತದೆ, ತಾವೂ ಬೇರೆಯಾಗಿರುತ್ತಾರೆ. ರಾಷ್ಟ್ರೀಯ ಚಳವಳಿ ಗಾಂಧೀಜಿಯವರ ದಾರಿಯಲ್ಲಿ ಎಲ್ಲಿಯೋ ಸಾಗಿತ್ತು. ಇಂಡಿಯಾ ಹೌಸಿನ ಕಾಲದವರನ್ನು ಕೇಳುವವರು ಕಡಿಮೆ. 1937ರಲ್ಲಿ ಪುಣೆಯ ಮರಾಠಾ ಪತ್ರಿಕೆ ಅವರ ನೆನಪುಗಳನ್ನು ಕಂತುಗಳಲ್ಲಿ ಪ್ರಕಟಿಸಿತು. ಅದು ಪುಸ್ತಕರೂಪ ಕಂಡದ್ದು 1991ರಲ್ಲಿ. ಅವರ ಬದುಕನ್ನು ಕುರಿತ ದೊಡ್ಡ ಗ್ರಂಥವಂತೂ 2023ರವರೆಗೆ ಕಾಯಬೇಕಾಯಿತು, ಅದನ್ನು ಬರೆದವರೂ ನಮ್ಮ ದೇಶದವರಲ್ಲ. ಚಿತ್ರಕಾರ್ತಿ ಮಾಗ್ದಾ ಬೇಗ ಊರಿಗೆ ಹೊಂದಿಕೊಂಡರು. ನೃತ್ಯಗಾತಿಯರನ್ನು, ಬೀದಿಯ ಮಕ್ಕಳನ್ನು, ದುಡಿಯುವ ಹೆಂಗಸರನ್ನು ಬರೆದರು; ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನಗಳಲ್ಲಿ ಅವರ ಚಿತ್ರಗಳು ಇರುತ್ತಿದ್ದವು.

ಕಾಗದದ ಕತೆಗೆ ಒಂದು ಕೊನೆಯ ತಿರುವಿದೆ. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಪೌರತ್ವಕ್ಕೆ ಸಂಬಂಧಿಸಿದ ವಿಧಿಗಳು ಉಳಿದವುಗಳಿಗಿಂತ ಮುಂಚೆ, 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಐದನೆಯ ವಿಧಿಯಂತೆ ಭಾರತದಲ್ಲಿ ನೆಲೆಸಿದ್ದು, ಇಲ್ಲಿ ಹುಟ್ಟಿದವರು ಅಥವಾ ಹಿಂದಿನ ಐದು ವರ್ಷವಾದರೂ ಇಲ್ಲಿ ವಾಸಿಸಿದವರು ತಾವಾಗಿಯೇ ಪೌರರು. ಮದರಾಸಿನಲ್ಲಿ ಹುಟ್ಟಿದ ಗಂಡನಿಗೂ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಹದಿಮೂರು ವರ್ಷ ಕಳೆದಿದ್ದ ಹೆಂಡತಿಗೂ ಅದು ಸಾಕಾಗಿತ್ತು. ಅರ್ಜಿ ಬೇಕಿರಲಿಲ್ಲ, ಸಾಲು ನಿಲ್ಲಬೇಕಿರಲಿಲ್ಲ.

ಆ ಹೊತ್ತಿಗೆ ಆಚಾರ್ಯರಿಗೆ ಕ್ಷಯ ಅಂಟಿತ್ತು. ಮನೆ ನಡೆಯುತ್ತಿದ್ದದ್ದು ಮಾಗ್ದಾರ ಚಿತ್ರಗಳ ಗಳಿಕೆಯಿಂದ. 1951ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಅವರ ಚಿತ್ರಗಳ ಪ್ರದರ್ಶನವೊಂದು ಏರ್ಪಾಡಾಗಿತ್ತು. ಚಿತ್ರಗಳು ಗೋಡೆಯ ಮೇಲೇರಿದ್ದವು. ಉದ್ಘಾಟನೆಗೆ ಕೆಲವೇ ಗಂಟೆಗಳಿರುವಾಗ, 12ನೆಯ ತಾರೀಖು, ಮಾಗ್ದಾ ತೀರಿಕೊಂಡರು. ಆಚಾರ್ಯರು ಮೂರು ವರ್ಷ ಒಬ್ಬರೇ ಇದ್ದರು. ಕೈ ನಡೆಯುವಷ್ಟು ದಿನ ದೇಶವಿದೇಶದ ಅರಾಜಕವಾದಿ ಪತ್ರಿಕೆಗಳಿಗೆ ಬರೆಯುತ್ತಿದ್ದರು. ಕಣ್ಣಿಂದಲೂ ಕಾಣದ ಎಷ್ಟೋ ಜನ ಸ್ನೇಹಿತರು ದೂರದ ಊರುಗಳಿಂದ ಅವರಿಗೆ ಕೈಲಾದಷ್ಟು ನೆರವು ಕಳುಹಿಸುತ್ತಿದ್ದರು. 1954ರ ಮಾರ್ಚ್ 20ರಂದು ಮುಂಬಯಿಯಲ್ಲಿ ಅವರು ಕಣ್ಣುಮುಚ್ಚಿದರು.